ಗೌರಿ ಮಂಟಪಕ್ಕೆ ಬಂದ ಕ್ರಿಸ್‌ಮಸ್ ಗುಂಡುಗಳು: ಒಂದು ಪೆಟ್ಟಿಗೆಯ ಇತಿಹಾಸ

ನಮ್ಮಲ್ಲಿ ಅನೇಕರ ಗರಾಜಿನಲ್ಲಿ ಅಂಥದೊಂದು ಪೆಟ್ಟಿಗೆ ಇದ್ದೇ ಇರುತ್ತದೆ: ದೀಪದ ಸರ, ಗಾಜಿನ ಗುಂಡು, ಮಿನುಗುವ ಟಿನ್ಸೆಲ್ ಎಳೆ. ಡಿಸೆಂಬರಿನಲ್ಲಿ ಕೊಂಡದ್ದು ಗಣೇಶನ ಮಂಟಪಕ್ಕೂ ದೀಪಾವಳಿಗೂ ಬರುತ್ತದೆ. ನಮ್ಮ ಪೆಟ್ಟಿಗೆ 1989ರಲ್ಲಿ ಹ್ಯೂಸ್ಟನ್ನಿನ ಗರಾಜ್ ಸೇಲ್ ಒಂದರಲ್ಲಿ ಎರಡು ಡಾಲರಿಗೆ ಸಿಕ್ಕಿತು. ನಾನಾಗ ರೆಸಿಡೆನ್ಸಿಯಲ್ಲಿದ್ದೆ. ನಾನು ವೈದ್ಯ, ಇತಿಹಾಸಕಾರನಲ್ಲ. ಆದರೂ ನಿವೃತ್ತನಾದ ಮೇಲೆ ಆ ಪೆಟ್ಟಿಗೆಯ ಚರಿತ್ರೆಯನ್ನು ಹುಡುಕಬೇಕಾಯಿತು.

ಟೆಕ್ಸಸ್ಸಿನಲ್ಲಿ ಕ್ರಿಸ್‌ಮಸ್ ಮರದ ಪದ್ಧತಿಯನ್ನು ಬೆಳೆಸಿದವರಲ್ಲಿ ಜರ್ಮನ್ ವಲಸಿಗರು ಮುಖ್ಯರು. 1845ರಲ್ಲಿ ನ್ಯೂ ಬ್ರೌನ್‌ಫೆಲ್ಸ್, ಮರುವರ್ಷ ಫ್ರೆಡರಿಕ್ಸ್‌ಬರ್ಗ್ ಊರುಗಳನ್ನು ಕಟ್ಟಿದವರು ಅವರೇ. ಗಾಜಿನ ಗುಂಡುಗಳೂ ಮೊದಲು ಜರ್ಮನಿಯ ಲೌಶಾ ಎಂಬ ಊರಿನಿಂದ ಬರುತ್ತಿದ್ದವು. ಕುಶಲಕರ್ಮಿಗಳು ಅವನ್ನು ಬಾಯಿಂದ ಊದಿ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧ ಹತ್ತಿರವಾದಾಗ ಆಮದು ನಿಲ್ಲುವ ಭಯ ಹುಟ್ಟಿತು. ಆಗ ಮ್ಯಾಕ್ಸ್ ಎಕಾರ್ಟ್ ಎಂಬ ವ್ಯಾಪಾರಿ ಕಾರ್ನಿಂಗ್ ಕಂಪನಿಯನ್ನು ಒಪ್ಪಿಸಿದ. ವಿದ್ಯುತ್ ಬಲ್ಬು ಮಾಡುವ ಯಂತ್ರದಲ್ಲೇ ಗುಂಡುಗಳು ತಯಾರಾದವು. ಅವಕ್ಕೆ ‘ಶೈನಿ ಬ್ರೈಟ್’ ಎಂದು ಹೆಸರಾಯಿತು. ಯುದ್ಧಕಾಲದಲ್ಲಿ ಲೋಹಕ್ಕೆ ಕೊರತೆ ಬಂದಾಗ ಒಳಗಿನ ಬೆಳ್ಳಿ ಲೇಪ ಹೋಯಿತು, ತಲೆಯ ಲೋಹದ ಮುಚ್ಚಳದ ಬದಲು ರಟ್ಟು ಬಂತು. ನಮ್ಮ ಪೆಟ್ಟಿಗೆಯಲ್ಲಿ ಅಂಥ ರಟ್ಟಿನ ತಲೆಯ ಗುಂಡುಗಳು ಆರು ಇದ್ದವು.

ನನ್ನ ಹೆಂಡತಿ ಮೈಸೂರಿನವಳು. ಅವಳ ತವರಿನಲ್ಲಿ ಪಟ್ಟದ ಗೊಂಬೆಗಳಿಗೆ ಪ್ರತಿ ನವರಾತ್ರಿಗೂ ಹೊಸ ಬಟ್ಟೆ ಉಡಿಸುತ್ತಿದ್ದರು. ಗೊಂಬೆ ಹಳೆಯದು, ಅಲಂಕಾರ ಹೊಸದು. ಅದೇ ರೂಢಿಯಲ್ಲಿ ಅವಳು ಬಣ್ಣ ಕಳೆದುಕೊಂಡ ಗುಂಡುಗಳಿಗೆ ಹರಿದ ಸೀರೆಯ ಜರಿಯಂಚು ಸುತ್ತಿ, ಮುತ್ತಿನ ಸರ ಅಂಟಿಸಿ, ಗೌರಿ ಮಂಟಪದ ತೋರಣ ಮಾಡಿದಳು. ಪೆಟ್ಟಿಗೆಯಲ್ಲಿದ್ದ ಹಳೆಯ ಟಿನ್ಸೆಲ್ ಅವಳಿಗೆ ಬಹಳ ಇಷ್ಟ. ಈಗಿನ ಪ್ಲಾಸ್ಟಿಕ್ ಎಳೆಯಂತೆ ಹಾರಾಡದೆ, ಭಾರವಾಗಿ ನೆಟ್ಟಗೆ ಇಳಿಬೀಳುತ್ತಿತ್ತು. ಮಗಳಿಗೂ ಇಷ್ಟ. ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಾಯಿಗೂ ಇಡುತ್ತಿದ್ದಳು.

1990ರಲ್ಲಿ, ಅವಳಿಗೆ ಮೂರು ವರ್ಷವಿದ್ದಾಗ, ರಕ್ತದಲ್ಲಿ ಸೀಸದ ಪರೀಕ್ಷೆಯಾಯಿತು. ಪ್ರತಿ ಡೆಸಿಲೀಟರಿಗೆ 14 ಮೈಕ್ರೊಗ್ರಾಂ. ಆಗಿನ ಎಚ್ಚರಿಕೆಯ ಮಟ್ಟ 25. ಆದ್ದರಿಂದ ‘ಚಿಂತೆಯಿಲ್ಲ’ ಎಂದುಕೊಂಡೆವು. 1991ರಲ್ಲಿ ಆ ಮಟ್ಟವನ್ನು 10ಕ್ಕೆ ಇಳಿಸಿದರು. ನಾವಿದ್ದ ಹಳೆಯ ಬಾಡಿಗೆ ಮನೆಯ ಬಣ್ಣವೇ ಕಾರಣವಿರಬೇಕೆಂದು ಬೇರೆ ಮನೆಗೆ ಹೋದೆವು. ಪೆಟ್ಟಿಗೆಯೂ ಜೊತೆಗೆ ಬಂತು!

ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಆಸ್ಟಿನ್ನಿನ ಚಿಕ್ಕ ಮನೆಗೆ ಬರುವಾಗ ಪೆಟ್ಟಿಗೆ ಬಿಚ್ಚಿ, ಟಿನ್ಸೆಲ್ ಬಗ್ಗೆ ಓದಲು ಕುಳಿತೆ. ಬೆಳ್ಳಿ ಕಪ್ಪಾಗುತ್ತದೆ; ಸೀಸ ಅಗ್ಗ, ಭಾರ, ಹೊಳಪೂ ಉಳಿಯುತ್ತದೆ. ಹಾಗಾಗಿ ದಶಕಗಳ ಕಾಲ ಟಿನ್ಸೆಲ್ಲನ್ನು ಸೀಸದ ಹಾಳೆಯಿಂದ ಮಾಡುತ್ತಿದ್ದರು. ಮಕ್ಕಳಿಗೆ ಅಪಾಯವೆಂದು ಅಮೆರಿಕದ ಎಫ್‌ಡಿಎ 1971ರಲ್ಲೇ ಹೇಳಿತ್ತು. ಆಮೇಲೆ ತಯಾರಿಕೆ ನಿಂತಿತು. ಆದರೆ ಮನೆಮನೆಯ ಪೆಟ್ಟಿಗೆಗಳಲ್ಲಿ ಇದ್ದದ್ದು ಅಲ್ಲೇ ಉಳಿಯಿತು. ಆ 14 ಗೋಡೆಯಿಂದ ಬಂತೋ ಎಳೆಯಿಂದ ಬಂತೋ ನಾನು ಹೇಳಲಾರೆ. ಇಂದಿನ ಮಟ್ಟ 3.5 ಎಂಬುದನ್ನು ಮಾತ್ರ ಮರೆಯಲಾರೆ. ಊರಿನ ಮಕ್ಕಳಿಗೆಲ್ಲ ಬುದ್ಧಿ ಹೇಳುವ ವೈದ್ಯ ತನ್ನ ಮನೆಯ ಮಂಟಪವನ್ನೇ ನೋಡಿರಲಿಲ್ಲ.

ಡಲ್ಲಾಸಿನಲ್ಲಿರುವ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಆರೋಗ್ಯವಾಗಿದ್ದಾಳೆ, ಅವಳ ಮಗನಿಗೆ ಈಗ ಮೂರು ವರ್ಷ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ, ಅಮ್ಮ ಮಾಡಿದ ಗುಂಡುಗಳನ್ನೂ ಎಸೆಯಬೇಕಾ?” ಎಂದು ಕೇಳಿದಳು.

ಬೇಡ ಎಂದೆ. ಗುಂಡಿನೊಳಗಿನ ಹೊಳಪು ಬೆಳ್ಳಿಯದು. ಹೊರಗಿನ ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಆದ್ದರಿಂದ ಉಜ್ಜಿ ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಹಳೆಯ ಅಲಂಕಾರಕ್ಕೆ ಹೊಸ ರೂಪ ಕೊಡುವ ನಮ್ಮ ಸದಸ್ಯರಿಗೂ ಇದೇ ನನ್ನ ಸಲಹೆ. 1972ಕ್ಕೆ ಹಿಂದಿನ ಭಾರವಾದ ಎಳೆಯಿದ್ದರೆ ಕಸದ ಬುಟ್ಟಿಗೆ ಹಾಕದೆ, ನಿಮ್ಮ ನಗರದ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಿ.

ನಮ್ಮದನ್ನು ನಾನೇ ಕೊಟ್ಟು ಬಂದೆ. ಜರಿಯಂಚಿನ ಗುಂಡುಗಳು ಈಗ ಡಲ್ಲಾಸಿನಲ್ಲಿ ಗಾಜಿನ ಕಪಾಟಿನ ಮೇಲಿನ ತಟ್ಟಿನಲ್ಲಿವೆ, ಮೊಮ್ಮಗನ ಕೈಗೆ ಎಟುಕದಷ್ಟು ಎತ್ತರದಲ್ಲಿ.