ಶಾಲೆಯ ತಟ್ಟೆಗೆ ಊಟ ಎಲ್ಲಿಂದ ಬರುತ್ತೆ? ಅಮೆರಿಕದ ಉಪ್ಪಿಟ್ಟಿನಿಂದ ರಾಗಿ ಮಾಲ್ಟ್‌ವರೆಗೆ

ಇವತ್ತಿನ ಸಂಚಿಕೆ ಕೇಳೋ ಮೊದಲು ಒಂದು ಕೆಲಸ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು, ಸರ್ಕಾರಿ ಶಾಲೆಯಲ್ಲಿ ಓದಿದವರು ಇದ್ದರೆ, 'ಕೇರ್ ಉಪ್ಪಿಟ್ಟು ನೆನಪಿದೆಯಾ' ಅಂತ ಕೇಳಿ ನೋಡಿ. ಬಹಳ ಜನರ ಮುಖ ಅರಳುತ್ತೆ. ಹಳದಿ ಬಣ್ಣ, ಬಿಸಿ ಬಿಸಿ, ಒಂಥರಾ ಬೇರೆಯದೇ ವಾಸನೆ. ಕೆಲವರು ಹಾಲಿನ ಪುಡಿಯನ್ನು ಕದ್ದು ಅಂಗೈಯಲ್ಲಿಟ್ಟು ನೆಕ್ಕಿದ ಕಥೆಯನ್ನೂ ಹೇಳ್ತಾರೆ.

ಆ ಉಪ್ಪಿಟ್ಟಿನ ರವೆ ನಮ್ಮೂರಿನದ್ದಲ್ಲ. ಕೇರ್ ಅನ್ನೋದು ಅಮೆರಿಕದ ಒಂದು ಸಂಸ್ಥೆ. 1960 ಮತ್ತು 70ರ ದಶಕಗಳಲ್ಲಿ ಅದು ನಮ್ಮ ಶಾಲೆಗಳಿಗೆ ಕೊಡ್ತಿದ್ದದ್ದು ಬಲ್ಗರ್ ಗೋಧಿ ನುಚ್ಚು, ಮೆಕ್ಕೆಜೋಳ-ಸೋಯಾ-ಹಾಲಿನಪುಡಿ ಬೆರೆಸಿದ ಹಿಟ್ಟು, ಸಲಾಡ್ ಎಣ್ಣೆ. ಚೀಲದ ಮೇಲೆ ಎರಡು ಕೈಗಳು ಕುಲುಕುವ ಚಿತ್ರ. ಇದೆಲ್ಲ ಬರ್ತಿದ್ದದ್ದು 1954ರಲ್ಲಿ ಅಮೆರಿಕ ಮಾಡಿದ ಪಿ.ಎಲ್. 480 ಅನ್ನೋ ಕಾನೂನಿನ ಅಡಿಯಲ್ಲಿ. ಆ ಕಾನೂನಿನ ಅಧಿಕೃತ ಹೆಸರಲ್ಲಿ ಮೊದಲು ಬರೋದು ಕೃಷಿ ವ್ಯಾಪಾರದ ಅಭಿವೃದ್ಧಿ, ಸಹಾಯ ಅನ್ನೋ ಪದ ಆಮೇಲೆ. ಅಲ್ಲಿನ ಗೋದಾಮುಗಳಲ್ಲಿ ಗೋಧಿ ರಾಶಿ ಬಿದ್ದಿತ್ತು, ರೈತರಿಗೆ ಬೆಲೆ ಕೊಡಬೇಕಿತ್ತು, ಮಾಲು ಖಾಲಿಯಾಗಬೇಕಿತ್ತು. ಇಲ್ಲಿ ಮಕ್ಕಳಿಗೆ ಹಸಿವಿತ್ತು. ಎರಡೂ ನಿಜ. ಆದರೆ ಮೆನು ಬರೆದದ್ದು ಹಸಿವು ಅಲ್ಲ, ಗೋದಾಮು.

ಈ ಮಾತನ್ನು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ. ಯಾಕಂದ್ರೆ ಮುಂದೆ ನಮ್ಮದೇ ಸರ್ಕಾರ ಊಟ ಹಾಕೋಕೆ ಶುರು ಮಾಡಿದಾಗಲೂ ಕಥೆ ಇದೇ ದಾರಿ ಹಿಡೀತು.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಬಂತು. ಬೇಯಿಸಿದ ಊಟ ಕೊಡಬೇಕು ಅನ್ನೋದು ಗುರಿ. ಆದರೆ ಬಹುತೇಕ ರಾಜ್ಯಗಳಲ್ಲಿ ಆದದ್ದೇನು? ಶೇ. 80ರಷ್ಟು ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೈಗೆ ಕೊಟ್ಟು ಕಳಿಸೋದು. 2001ಕ್ಕೆ ಬನ್ನಿ. ದೇಶದ ಹಲವು ಕಡೆ ಬರ, ರಾಜಸ್ಥಾನದಲ್ಲಿ ಹಸಿವು. ಅದೇ ಹೊತ್ತಿಗೆ ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕ್ತಾ ಇತ್ತು. ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟ್‌ಗೆ ಹೋಗಿದ್ದು ಇದೇ ಪ್ರಶ್ನೆ ಇಟ್ಟುಕೊಂಡು. ಆ ವರ್ಷ ನವೆಂಬರ್ 28ರಂದು ಕೋರ್ಟ್ ಆದೇಶ ಕೊಡ್ತು: ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ, ವರ್ಷಕ್ಕೆ ಕನಿಷ್ಠ 200 ದಿನ. ನನ್ನ ಪ್ರಕಾರ, ಈ ದೇಶದ ಮಕ್ಕಳ ಪಾಲಿಗೆ ಬಂದ ಅತ್ಯಂತ ದೊಡ್ಡ ಕೋರ್ಟ್ ಆದೇಶಗಳಲ್ಲಿ ಇದೂ ಒಂದು.

ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಶುರುವಾಯ್ತು, ಮೊದಲಿಗೆ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ. ಹೆಸರು ನೋಡಿ, ದಾಸೋಹ, ಶರಣರ ಪದ. ಆದರೆ ತಟ್ಟೆಗೆ ಬಂದದ್ದು? ಕಲಬುರಗಿ, ರಾಯಚೂರಿನ ಕಡೆ ಮನೆಯಲ್ಲಿ ಜೋಳದ ರೊಟ್ಟಿ ತಿಂದು ಬಂದ ಮಗುವಿಗೆ ಶಾಲೆಯಲ್ಲಿ ಅನ್ನ ಸಾಂಬಾರು. ಯಾಕೆ? ನಿಗಮ ಖರೀದಿ ಮಾಡೋದು ಮುಖ್ಯವಾಗಿ ಅಕ್ಕಿ, ಗೋಧಿ. ಗೋದಾಮಿನಲ್ಲಿ ಇರೋದು ಅದು, ಹಾಗಾಗಿ ತಟ್ಟೆಗೆ ಬರೋದೂ ಅದೇ. ಶಾಲೆಯ ಕಾಂಪೌಂಡ್ ಪಕ್ಕದಲ್ಲೇ ಜೋಳ ತೆನೆ ಬಿಟ್ಟು ನಿಂತಿದ್ದರೂ ಅಡುಗೆಮನೆಗೆ ಬರೋಕೆ ಅದಕ್ಕೆ ದಾರಿ ಇರಲಿಲ್ಲ.

ಹಾಗಾದ್ರೆ ಊರಲ್ಲೇ ಕೊಳ್ಳೋದು ಏನೂ ಇಲ್ವಾ ಅಂದ್ರೆ, ಇದೆ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಇಂಧನಕ್ಕೆ ಅಂತ ಬೇರೆ ದುಡ್ಡು ಬರುತ್ತೆ. 2025ರ ಮೇ ತಿಂಗಳಿಂದ ಇದರ ದರ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. ಒಂದು ಕಟಿಂಗ್ ಚಹಾ ಎಷ್ಟು ಅಂತ ನಿಮಗೇ ಗೊತ್ತು.

ಮೊಟ್ಟೆ ಕಥೆ ಇನ್ನೂ ಸ್ವಾರಸ್ಯ. ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಸಿಗ್ತಿದ್ದದ್ದು ಒಂದಕ್ಕೆ 6 ರೂಪಾಯಿ. ಆ ಆರರೊಳಗೇ ಕೊಳ್ಳಬೇಕು, ತರಬೇಕು, ಬೇಯಿಸಬೇಕು, ಸಿಪ್ಪೆ ಸುಲಿಯೋ ಕೂಲಿನೂ ಅದರಲ್ಲೇ. ಮಾರುಕಟ್ಟೆಯಲ್ಲಿ ರೇಟು ಆರು ದಾಟಿದಾಗ ಮುಖ್ಯ ಶಿಕ್ಷಕರು ಜೇಬಿನಿಂದ ಹಾಕಬೇಕಾಯ್ತು. ಖರೀದಿ ಊರಿನ ಅಂಗಡಿಯಲ್ಲೇ, ಹೌದು. ಆದರೆ ಆ ಟ್ರೇ ನಾಮಕ್ಕಲ್‌ನಿಂದ ಬಂದಿರಬಹುದು, ಹೊಸಪೇಟೆಯಿಂದ ಬಂದಿರಬಹುದು. ಲೋಕಲ್ ಅಂಗಡಿಯಲ್ಲಿ ಕೊಂಡರೆ ಲೋಕಲ್ ರೈತನಿಂದ ಕೊಂಡ ಹಾಗಲ್ಲ. ಈ ಎರಡನ್ನೂ ನಾವು ತುಂಬಾ ಸಲ ಒಂದೇ ಅಂದುಕೊಳ್ತೀವಿ.

ಈಗ ಹಾಲಿಗೆ ಬರೋಣ, ಇಲ್ಲಿ ಕಥೆ ಸ್ವಲ್ಪ ತಿರುವು ತಗೊಳ್ಳುತ್ತೆ. 2013ರ ಹೊತ್ತಿಗೆ ಕೆಎಂಎಫ್ ಹತ್ತಿರ ಹಾಲು ಹೆಚ್ಚಾಗಿತ್ತು, ಪುಡಿ ದಾಸ್ತಾನು ಬೆಳೀತಿತ್ತು. ಆ ವರ್ಷ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. 18 ಗ್ರಾಂ ಪುಡಿಯಿಂದ ಮಾಡಿದ 150 ಎಂ.ಎಲ್. ಹಾಲು, ಮೊದಲು ವಾರಕ್ಕೆ 3 ದಿನ, ಆಮೇಲೆ 5 ದಿನ. ಮತ್ತೆ ಅದೇ ಸೂತ್ರ: ಎಲ್ಲಿ ಹೆಚ್ಚುವರಿ ಇದೆಯೋ ಅದು ಮಕ್ಕಳ ಲೋಟಕ್ಕೆ. ಒಂದೇ ವ್ಯತ್ಯಾಸ, ಈ ಸಲ ಹೆಚ್ಚುವರಿ ನಮ್ಮದು. ಬೆಳಗ್ಗೆ ಡೇರಿಗೆ ಹಾಲು ಹಾಕಿದ ತಾಯಿಯ ಮಗುವೇ ಅದನ್ನು ಕುಡಿಯೋದು. ಹಾಲು ಟ್ಯಾಂಕರ್‌ನಲ್ಲಿ ಹೋಗಿ, ಒಣಗಿ ಪುಡಿಯಾಗಿ, ಪ್ಯಾಕೆಟ್‌ನಲ್ಲಿ ಅದೇ ಊರಿಗೆ ವಾಪಸ್ ಬಂದು, ಬಿಸಿನೀರಲ್ಲಿ ಮತ್ತೆ ಹಾಲಾಗುತ್ತೆ. ನಗು ಬರುತ್ತೆ, ಒಪ್ತೀನಿ. ಆದರೆ ಸಾವಿರಾರು ಶಾಲೆಗಳಿಗೆ ಕೆಡದ ಹಾಗೆ ತಲುಪಿಸೋಕೆ ಪುಡಿಯೇ ಸುಲಭ. ದುಡ್ಡು ಮಾತ್ರ ಇಲ್ಲಿನ ಹೈನುಗಾರರಿಗೇ ಹೋಯ್ತು.

ಇದನ್ನೇ ಕಾನೂನು ಮಾಡಿದ ದೇಶ ಒಂದಿದೆ, ಬ್ರೆಜಿಲ್. ಅಲ್ಲೂ 1955ರಲ್ಲಿ ಶಾಲೆಯ ಊಟ ಶುರುವಾದಾಗ ಹೊರಗಿನಿಂದ ಬಂದ ಹಾಲಿನ ಪುಡಿಯೇ ಆಧಾರ, ನಮ್ಮ ಕೇರ್ ಕಾಲದ ಹಾಗೆ. 2009ರಲ್ಲಿ ಅವರು ಒಂದು ನಿಯಮ ತಂದರು: ಶಾಲಾ ಊಟಕ್ಕೆ ಕೇಂದ್ರದಿಂದ ಬರೋ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ಕುಟುಂಬ ಕೃಷಿಕರಿಂದ ಕೊಳ್ಳೋಕೇ ಬಳಸಬೇಕು. ಆ ಶೇಕಡಾವಾರಿಗಿಂತ ಜಾಣತನದ್ದು ಇನ್ನೊಂದು ಸಾಲು. ಈ ಖರೀದಿಗೆ ಮಾಮೂಲಿ ಟೆಂಡರ್ ಬೇಡ. ಮೊದಲು ಸ್ಥಳೀಯ ಮಾರುಕಟ್ಟೆ ನೋಡಿ ಬೆಲೆ ನಿಗದಿ, ಆಮೇಲೆ ರೈತರಿಗೆ ಬಹಿರಂಗ ಕರೆ. ಟೆಂಡರ್ ಅಂದ್ರೆ ಏನು ಗೊತ್ತಲ್ಲ? ಕಡಿಮೆ ಬೆಲೆ ಹೇಳಿದವನು ಗೆಲ್ತಾನೆ, ಅಂದ್ರೆ ಲಾರಿ, ಗೋದಾಮು, ಠೇವಣಿ ಇರೋನು ಗೆಲ್ತಾನೆ. ಎರಡು ಎಕರೆ ಟೊಮೆಟೊ ಬೆಳೆಯೋನು ಆ ಸಾಲಲ್ಲಿ ನಿಲ್ಲೋಕೂ ಆಗಲ್ಲ.

ನಮ್ಮಲ್ಲಿ ಇಂಥ ಬುದ್ಧಿ ಇರಲೇ ಇಲ್ಲ ಅನ್ನೋ ಹಾಗಿಲ್ಲ. 1959ರಲ್ಲಿ ಎಂ.ಎಚ್. ಮರಿಗೌಡರು ಬೆಂಗಳೂರಿನ ಸುತ್ತ ದ್ರಾಕ್ಷಿ ಬೆಳೆಯೋರನ್ನು ಸೇರಿಸಿ ಒಂದು ಸಹಕಾರ ಸಂಘ ಕಟ್ಟಿದರು. ಅದೇ ಮುಂದೆ ಹಾಪ್‌ಕಾಮ್ಸ್ ಆಯ್ತು. ರೈತರಿಂದ ನೇರವಾಗಿ ಕೊಂಡು, ಬೀದಿ ಮೂಲೆಯ ಮಳಿಗೆಯಲ್ಲಿ ಮನೆಗಳಿಗೂ ಮಾರಿ, ಹಾಸ್ಟೆಲ್, ಆಸ್ಪತ್ರೆ, ಕಾರ್ಖಾನೆ ಕ್ಯಾಂಟೀನ್‌ಗಳಿಗೂ ತರಕಾರಿ ಕಳಿಸುತ್ತೆ. ನೀವು ಹಾಸ್ಟೆಲ್‌ನಲ್ಲಿ ಇದ್ದರೆ, ಮೆಸ್‌ಗೆ ತರಕಾರಿ ಯಾರು ಹಾಕ್ತಾರೆ ಅಂತ ಒಂದ್ಸಲ ವಾರ್ಡನ್ನ ಕೇಳಿ. ಬೈಸಿಕೊಂಡರೆ ನಾನು ಜವಾಬ್ದಾರನಲ್ಲ.

ಕೊನೆಗೆ ರಾಗಿ. ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಬೆಳೆಯೋದು ಕರ್ನಾಟಕ. ರಾಜ್ಯ ಸರ್ಕಾರ ಬೆಂಬಲ ಬೆಲೆಗೆ ಅದನ್ನು ಕೊಂಡು ಹಳೇ ಮೈಸೂರು ಭಾಗದ ಮನೆಗಳಿಗೆ ರೇಷನ್‌ನಲ್ಲಿ ಕೊಟ್ಟಿದೆ, ಉತ್ತರದಲ್ಲಿ ಜೋಳ ಕೊಟ್ಟಿದೆ. ಅಂದ್ರೆ ಹೊಲದಿಂದ ಮನೆಯ ಅಡುಗೆಮನೆಗೆ ದಾರಿ ಆಗಲೇ ಇದೆ. ಶಾಲೆಯ ಅಡುಗೆಮನೆಗೆ ರಾಗಿ ಬಂದದ್ದು 2024ರ ಫೆಬ್ರುವರಿ 22ರಂದು, ಮುದ್ದೆಯಾಗಿ ಅಲ್ಲ, ಹಾಲಿಗೆ ಕಲಸೋ ಮಾಲ್ಟ್ ಪುಡಿಯಾಗಿ. ಪುಡಿ ಕೊಡೋದು ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್, ಕೆಎಂಎಫ್ ಜೊತೆ ಸೇರಿ. ಆರಂಭದಲ್ಲಿ ವಾರಕ್ಕೆ 3 ದಿನ. ಮಧ್ಯಾಹ್ನದ ತಟ್ಟೆಯಲ್ಲಿ ಮಾತ್ರ ನಿಗಮದ ಅಕ್ಕಿಯೇ ಇದೆ. ತುಮಕೂರು, ಹಾಸನದ ಕಡೆ ಶಾಲೆ ಪಕ್ಕದ ಹೊಲದಲ್ಲಿ ರಾಗಿ ಕೊಯ್ಲಾಗ್ತಾ ಇರುವಾಗಲೂ.