ರಾಜಮಾರ್ಗದ ಗಂಟೆಗಳು

ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ನಗರಗಳ ನಡುವಣ ಅಂತರ ಸುಮಾರು 120 ಮೈಲಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದು ಅಪರಿಚಿತ ದಾರಿಯೇನಲ್ಲ. ಸಂಗೀತ ಕಚೇರಿಗೆಂದೋ, ಬಂಧುಗಳ ಮನೆಯ ನಾಮಕರಣಕ್ಕೆಂದೋ, ಊರಿನಿಂದ ಬಂದ ಅತ್ತೆ ಮಾವಂದಿರಿಗೆ ಪ್ರಾಣಿಸಂಗ್ರಹಾಲಯ ತೋರಿಸಲೆಂದೋ ನಾವೆಲ್ಲ ಅದರಲ್ಲಿ ಎಷ್ಟೋ ಬಾರಿ ಓಡಾಡಿದ್ದೇವೆ. ಇಂಟರ್‌ಸ್ಟೇಟ್ 5 ಹಿಡಿದರೆ, ವಾಹನ ದಟ್ಟಣೆ ಕೃಪೆ ತೋರಿದಲ್ಲಿ, ಎರಡು ಗಂಟೆಯ ಪ್ರಯಾಣ. ಕಳೆದ ಮಾರ್ಚ್ ತಿಂಗಳಿನಲ್ಲಿ ಅದೇ ದಾರಿಯನ್ನು ಕ್ರಮಿಸಲು ನಾವು ಬೇಕೆಂದೇ ಒಂದು ಇಡೀ ದಿನವನ್ನು ತೆಗೆದುಕೊಂಡೆವು. ಆ ದಿನ ಕಂಡದ್ದನ್ನೂ, ಕಂಡದ್ದರಿಂದ ನನ್ನ ಮನಸ್ಸಿನಲ್ಲಿ ಎದ್ದದ್ದನ್ನೂ ಸಹೃದಯ ಓದುಗರಲ್ಲಿ ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ. ನಾನು ಇತಿಹಾಸ ವಿದ್ವಾಂಸಳಲ್ಲ. ಮೈಸೂರಿನಲ್ಲಿ ಬಿ.ಎ. ಓದುವಾಗ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಅಭ್ಯಾಸ ಮಾಡಿದ ಗೃಹಿಣಿ, ಅಷ್ಟೆ.

ನಮ್ಮ ಮಗ ಸ್ಯಾನ್ ಡಿಯೇಗೊದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಆಗ ಅವನಿಗೆ ಹತ್ತೊಂಬತ್ತು ವರ್ಷ. ವಸಂತದ ರಜೆ ಮುಗಿಸಿ ಹೊರಟವನನ್ನು ಬಿಟ್ಟುಬರಬೇಕಾಗಿತ್ತು. "ಈ ಸಲ ಹಳೆಯ ರಸ್ತೆಯಲ್ಲಿ ಹೋಗೋಣ" ಎಂದೆ. ಯಜಮಾನರು ಹಿಂದಿನ ಆಸನದಲ್ಲಿ ಕುಳಿತು ನಿದ್ದೆಗೆ ಸಿದ್ಧರಾದರು. ಮಗ ಚಾಲಕನಾದ. ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ ಇದ್ದವು.

ಹಳೆಯ ರಸ್ತೆಯೆಂದರೆ ಹೆದ್ದಾರಿ 101. 1926ರಲ್ಲಿ ಅಮೆರಿಕದ ಹೆದ್ದಾರಿಗಳಿಗೆ ಸಂಖ್ಯೆಗಳನ್ನು ಕೊಟ್ಟಾಗ ಪೆಸಿಫಿಕ್ ಕರಾವಳಿಯ ಈ ದಾರಿಗೆ ದೊರೆತ ಹೆಸರದು. ಮುಂದೆ ಇಂಟರ್‌ಸ್ಟೇಟ್ ಬಂದು, 1964ರ ಮರುಸಂಖ್ಯೆಯ ತರುವಾಯ ಲಾಸ್ ಏಂಜಲೀಸಿನ ದಕ್ಷಿಣಕ್ಕೆ ಆ ಸಂಖ್ಯೆಯೇ ಅಳಿಸಿಹೋಯಿತು. ಆದರೆ ಈ ದಾರಿಗೆ ಅದಕ್ಕಿಂತಲೂ ಪ್ರಾಚೀನವಾದ ಹೆಸರೊಂದಿದೆ: ಎಲ್ ಕಮೀನೊ ರೆಯಾಲ್. ಸ್ಪ್ಯಾನಿಷ್ ಭಾಷೆಯ ಈ ಪದಗಳ ಅರ್ಥ 'ರಾಜಮಾರ್ಗ' ಎಂದು ತಿಳಿದಾಗ ನನಗಾದ ರೋಮಾಂಚನವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ, ಒಂಬತ್ತನೆಯ ಶತಮಾನದ ನೃಪತುಂಗನ ಆಸ್ಥಾನದ ಕೃತಿ, 'ಕವಿರಾಜಮಾರ್ಗ' ತಾನೆ!

ಬೆಳಿಗ್ಗೆ ಏಳು ಗಂಟೆಗೆ ಲಾಸ್ ಏಂಜಲೀಸಿನ ಹಳೆಯ ಪ್ಲಾಜಾದಲ್ಲಿ ನಿಂತಿದ್ದೆವು. 1781ರಲ್ಲಿ 44 ಮಂದಿ ವಲಸೆಗಾರರು ಬಂದು ಸ್ಥಾಪಿಸಿದ ಊರು ಇಂದಿನ ಮಹಾನಗರವಾಗಿ ಬೆಳೆದಿದೆ. ಆ ವಲಸೆಗಾರರಲ್ಲಿ ಬಹುಪಾಲು ಜನ ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದವರಾಗಿದ್ದರು. ಪಕ್ಕದ ಓಲ್ವೇರಾ ಬೀದಿಯಲ್ಲಿ 1818ರ ಮಣ್ಣಿಟ್ಟಿಗೆಯ ಮನೆಯೊಂದಿದೆ. ಕೆಡವಲು ಗುರುತು ಮಾಡಿದ್ದ ಆ ಮನೆಯನ್ನು ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬ ಮಹಿಳೆ ಹಟತೊಟ್ಟು ಉಳಿಸಿಕೊಂಡಳು. 1930ರಲ್ಲಿ ಇಡೀ ಬೀದಿಯನ್ನೇ ಮೆಕ್ಸಿಕನ್ ಪೇಟೆಯಾಗಿ ತೆರೆಸಿದಳು. ಎದುರಿನ ಪ್ಲಾಜಾ ಚರ್ಚಿನ ಬಳಿ 1906ರ ಆಗಸ್ಟ್ 15ರಂದು ಕಬ್ಬಿಣದ ಬಾಗಿದ ಕಂಬವೊಂದನ್ನು ನೆಟ್ಟು, ಅದರ ತುದಿಗೆ ಒಂದು ಗಂಟೆಯನ್ನು ತೂಗುಹಾಕಲಾಯಿತು. ರಾಜಮಾರ್ಗದ ಮೊದಲ ಗಂಟೆ ಅದು.

ಈ ಗಂಟೆಗಳ ಕಥೆಯೂ ಸ್ತ್ರೀಯರ ಕಥೆಯೇ. ಹಳೆಯ ದಾರಿಯನ್ನು ಗುರುತಿಸಿ ಉಳಿಸಬೇಕೆಂದು 1892ರಲ್ಲಿಯೇ ಸೂಚಿಸಿದವಳು ಪಸಾಡೀನಾದ ಆನಾ ಪಿಚರ್. ಆ ಮಾತನ್ನು ಮುಂದೆ ಮಹಿಳಾ ಸಮಾಜಗಳು ಕೈಗೆತ್ತಿಕೊಂಡವು. ಗಂಟೆಯ ವಿನ್ಯಾಸವನ್ನು ರೂಪಿಸಿದವಳು ಶ್ರೀಮತಿ ಫೋರ್ಬ್ಸ್. ಕ್ಯಾಲಿಫೋರ್ನಿಯಾದ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತದ್ದು 1911ರಲ್ಲಿ. ಮತವೇ ಇಲ್ಲದ ಗೃಹಿಣಿಯರು ಹಣ ಕೂಡಿಸಿ ರಾಜ್ಯದ ಉದ್ದಕ್ಕೂ ಇತಿಹಾಸದ ಗುರುತುಗಳನ್ನು ನೆಟ್ಟರೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಕಾಲಾಂತರದಲ್ಲಿ ಎಷ್ಟೋ ಗಂಟೆಗಳು ಕಳುವಾದವು, ರಸ್ತೆ ಅಗಲಿಸುವಾಗ ಕಾಣೆಯಾದವು. ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಸಾರಿಗೆ ಇಲಾಖೆ ನೂರಾರು ಹೊಸ ಗಂಟೆಗಳನ್ನು ಹಾಕಿಸಿತು. ಇಂಟರ್‌ಸ್ಟೇಟಿನ ಬದಿಯಲ್ಲಿ ನಾವು ಕಾಣುವುದು ಹೆಚ್ಚಾಗಿ ಇವನ್ನೇ.

"ನಿನ್ನ ಮುತ್ತಜ್ಜಿಯೂ ಹೀಗೆಯೇ" ಎಂದು ಮಗನಿಗೆ ಹೇಳಿದೆ. ಹಾಸನ ಜಿಲ್ಲೆಯಲ್ಲಿ ಹೆದ್ದಾರಿಯ ಬದಿಗಿದ್ದ ನಮ್ಮ ಹಳ್ಳಿಯಲ್ಲಿ, ಪ್ರತಿ ಬೇಸಗೆ, ರಾಮನವಮಿಯಿಂದ ಮಳೆ ಬೀಳುವ ತನಕ ನನ್ನ ಅಜ್ಜಿ ಅರವಟ್ಟಿಗೆ ನಡೆಸುತ್ತಿದ್ದರು. ತೆಂಗಿನ ಗರಿಯ ಚಪ್ಪರ, ಮರಳಿನ ಮೇಲೆ ಕೂರಿಸಿದ ಮಣ್ಣಿನ ಗಡಿಗೆಗಳು, ಲಾವಂಚ ಹಾಕಿದ ನೀರು, ಕರಿಬೇವು ಇಂಗು ಬೆರೆತ ನೀರುಮಜ್ಜಿಗೆ. ಅರವಟ್ಟಿಗೆಗೆ ದತ್ತಿ ಬಿಟ್ಟ ಪುಣ್ಯವನ್ನು ನಮ್ಮ ಪೂರ್ವಿಕರು ಶಿಲಾಶಾಸನಗಳಲ್ಲಿ ಕೆತ್ತಿಸಿದ್ದಾರೆ. ಈ ಕಥೆಯನ್ನು ಮಗ ಬಾಲ್ಯದಿಂದ ಕೇಳಿದ್ದಾನೆ. ಅವನು ಗಂಟೆಯನ್ನೇ ನೋಡುತ್ತ, "ಅಮ್ಮ, ಈ ಗಂಟೆ ಯಾರಿಗೋಸ್ಕರ ಬಾರಿಸ್ತಾ ಇದ್ರು ಗೊತ್ತಾ?" ಎಂದ. ನನಗೆ ಸ್ವಲ್ಪ ಅಸಮಾಧಾನವೇ ಆಯಿತು. ಒಳ್ಳೆಯದನ್ನು ಹೇಳುವಾಗ ಮಕ್ಕಳು ಹೀಗೆ ಅಡ್ಡ ಪ್ರಶ್ನೆ ಹಾಕುತ್ತಾರೆ. ಉತ್ತರಿಸದೆ ಕಾರು ಹತ್ತಿದೆ.

ವಿಟಿಯರ್ ಬುಲೆವಾರ್ಡ್ ಒಂದು ಕಾಲಕ್ಕೆ 101 ಆಗಿತ್ತು. ಅದನ್ನು ಹಿಡಿದು ಆರೆಂಜ್ ಕೌಂಟಿಯನ್ನು ದಾಟಿ, ಹತ್ತು ಗಂಟೆಯ ಹೊತ್ತಿಗೆ ಸ್ಯಾನ್ ವಾನ್ ಕಾಪಿಸ್ಟ್ರಾನೊ ತಲುಪಿದೆವು. 1776ರಲ್ಲಿ ನೆಲೆಗೊಂಡ ಇಲ್ಲಿಯ ಮಿಷನ್ ವಸಂತದಲ್ಲಿ ಮರಳಿ ಬರುವ ಬಾನಾಡಿಗಳಿಗೆ ಪ್ರಸಿದ್ಧ. ಮಾರ್ಚ್ 19ರಂದು ಊರಿಗೆ ಊರೇ ಹಬ್ಬ ಮಾಡುತ್ತದೆ. ನನ್ನ ಕಣ್ಣನ್ನು ಸೆಳೆದದ್ದು ಪಾಳುಬಿದ್ದ ಕಲ್ಲಿನ ಚರ್ಚು. 1806ರಲ್ಲಿ ಪೂರ್ಣಗೊಂಡ ಆ ಭವ್ಯ ಕಟ್ಟಡ 1812ರ ಡಿಸೆಂಬರ್ 8ರ ಭೂಕಂಪದಲ್ಲಿ ಪೂಜೆಯ ಹೊತ್ತಿನಲ್ಲಿಯೇ ಕುಸಿದು, ಒಳಗಿದ್ದ ಸುಮಾರು 40 ಮಂದಿ ಮೃತರಾದರು. ಬಹುತೇಕ ಎಲ್ಲರೂ ಈ ನೆಲದ ಮೂಲನಿವಾಸಿಗಳಾದ ಅಹಾಷ್ಮೆನ್ ಜನ. ಹಂಪೆಯ ಭಗ್ನ ದೇಗುಲಗಳನ್ನು ಕಂಡ ಕಣ್ಣಿಗೆ ಆ ಒಂಟಿ ಗೋಡೆ ಪರಿಚಿತವೆನಿಸಿತು. ಗೋಪುರ ಬಿದ್ದರೂ ಅದರ ಗಂಟೆಗಳನ್ನು ಗೋಡೆಯೊಂದರಲ್ಲಿ ತೂಗುಹಾಕಿ ಉಳಿಸಿಕೊಂಡರು.

ಮಗನ ಪ್ರಶ್ನೆಗೆ ಉತ್ತರ ಅಲ್ಲಿ ತಾನಾಗಿಯೇ ಸಿಕ್ಕಿತು. ಮಿಷನ್ನಿನ ಬದುಕೆಲ್ಲ ಗಂಟೆಯ ನಾದದ ಮೇಲೆ ನಡೆಯುತ್ತಿತ್ತು. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ಹೊಲದ ದುಡಿಮೆಗೆ ಗಂಟೆ, ಅಂಬಲಿಗೆ ಗಂಟೆ, ಮಲಗಲು ಗಂಟೆ. ದೀಕ್ಷಾಸ್ನಾನ ಪಡೆದ ಮೂಲನಿವಾಸಿ ಅನುಮತಿಯಿಲ್ಲದೆ ಊರು ಬಿಡುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತಂದರೆ ಚಾಟಿಯೇಟು ಕಾದಿರುತ್ತಿತ್ತು. ಹೊಸ ರೋಗಗಳು ಹಳ್ಳಿಹಳ್ಳಿಗಳನ್ನೇ ಬರಿದುಮಾಡಿದವು. 2019ರಲ್ಲಿ ಅಮಾ ಮುತ್ಸುನ್ ಜನಾಂಗದವರ ಕೋರಿಕೆಯಂತೆ ಸಾಂತಾ ಕ್ರೂಜ್‌ನ ವಿಶ್ವವಿದ್ಯಾಲಯವು ತನ್ನ ಆವರಣದಲ್ಲಿದ್ದ ರಾಜಮಾರ್ಗದ ಗಂಟೆಯನ್ನು ತೆಗೆಸಿತೆಂಬುದನ್ನು ಮಗ ತಿಳಿಸಿದ. ದಾರಿಹೋಕರಿಗೆ ಮನೋಹರವಾದ ಗುರುತು ಆ ಜನರ ಮೊಮ್ಮಕ್ಕಳಿಗೆ ಸೆರೆಯ ನೆನಪು.

'ರಾಜಮಾರ್ಗ'ವೆಂಬ ಕಲ್ಪನೆಯೂ ಭಾಗಶಃ ಕಥೆಯೇ. 21 ಮಿಷನ್‌ಗಳು ಒಂದಕ್ಕೊಂದು ಒಂದು ದಿನದ ನಡಿಗೆಯ ಅಂತರದಲ್ಲಿ, ಮಣಿಗಳಂತೆ ಪೋಣಿಸಿದ ಹಾಗೆ ಕಟ್ಟಲ್ಪಟ್ಟವೆಂದು ಮಾರ್ಗದರ್ಶಿಗಳು ಹೇಳುತ್ತಾರೆ. ಸುಮಾರು 600 ಮೈಲಿಗೆ 21 ಎಂದರೆ ಸರಾಸರಿ 30 ಮೈಲಿ. ಹೊರೆ ಹೊತ್ತವನಿಗೆ ಅದು ಒಂದು ದಿನದ ನಡಿಗೆಯಲ್ಲ. ಮೊದಲನೆಯದಾದ ಸ್ಯಾನ್ ಡಿಯೇಗೊ 1769ರದು, ಕೊನೆಯದಾದ ಸೊನೋಮಾ 1823ರದು. ನಡುನಡುವಿನ ಜಾಗಗಳನ್ನು ಅನುಕೂಲ ನೋಡಿಕೊಂಡು ತುಂಬುತ್ತ ಹೋದರು. ಪ್ರವಾಸಿಗರ ಕಾಲದಲ್ಲಿ ಬಿಡಿ ದಾರಿಗಳೆಲ್ಲ ಕೂಡಿ ಒಂದೇ ಹೆದ್ದಾರಿಯಾಯಿತು. ಅದಕ್ಕೆ ಮೊದಲ ಪ್ರೇರಣೆ ಕೊಟ್ಟವಳೂ ಒಬ್ಬ ಲೇಖಕಿ. ಮೂಲನಿವಾಸಿಗಳಿಗಾದ ಅನ್ಯಾಯವನ್ನು ದೇಶಕ್ಕೆ ತಿಳಿಸಲೆಂದು ಹೆಲೆನ್ ಹಂಟ್ ಜಾಕ್ಸನ್ 1884ರಲ್ಲಿ 'ರಮೋನಾ' ಕಾದಂಬರಿಯನ್ನು ಬರೆದಳು. ಓದುಗರು ಅನ್ಯಾಯವನ್ನು ಮರೆತು, ಪ್ರೇಮಕಥೆಯನ್ನು ಹಿಡಿದುಕೊಂಡು, ರಮೋನಾಳ ಮನೆಯೆಲ್ಲಿ ಎಂದು ಹುಡುಕುತ್ತ ರೈಲು ಹತ್ತಿ ಬಂದರು.

ಅಲ್ಲಿಂದ ಮುಂದೆ ಪೆಂಡಲ್‌ಟನ್ ಸೈನಿಕ ನೆಲೆ. ಅಲ್ಲಿ ಅನಿವಾರ್ಯವಾಗಿ ಇಂಟರ್‌ಸ್ಟೇಟನ್ನೇ ಹಿಡಿದು, ಓಷನ್‌ಸೈಡಿನಲ್ಲಿ ಒಳಗೆ ತಿರುಗಿ ಸ್ಯಾನ್ ಲೂಯಿ ರೇ ಮಿಷನ್ ತಲುಪಿದಾಗ ಮಧ್ಯಾಹ್ನ. ಇದು 1798ರದು. ಇಲ್ಲಿ 1830ರಲ್ಲಿ ನೆಟ್ಟ ಪೆರು ದೇಶದ ಮೆಣಸಿನ ಮರ ಕ್ಯಾಲಿಫೋರ್ನಿಯಾದಲ್ಲಿಯೇ ಆ ಜಾತಿಯ ಮೊದಲನೆಯದೆಂದು ಪ್ರತೀತಿ. ಹೊರಗಿನ ಹುಲ್ಲುಹಾಸಿನ ಬದಿಯಲ್ಲಿ ಬುತ್ತಿ ಬಿಚ್ಚಿದೆವು.

ಈ ಮಿಷನ್ನಿನಲ್ಲಿ 1822ರಲ್ಲಿ ಪಾಬ್ಲೊ ಟಾಕ್ ಎಂಬ ಲೂಯಿಸೆನ್ಯೊ ಬಾಲಕ ಹುಟ್ಟಿದ. ಪಾದ್ರಿ ಪೆಯ್ರಿ 1832ರಲ್ಲಿ ಊರು ಬಿಟ್ಟಾಗ ಅವನನ್ನೂ ಜೊತೆಗೆ ಕರೆದೊಯ್ದ. ರೋಮ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಪಾಬ್ಲೊ, ಬಹುಭಾಷಾ ಪಂಡಿತ ಕಾರ್ಡಿನಲ್ ಮೆಜೊಫಾಂತಿಗಾಗಿ ತನ್ನ ಮಾತೃಭಾಷೆಯ ವ್ಯಾಕರಣವನ್ನು ಬರೆದ, ಪದಕೋಶವನ್ನು ಆರಂಭಿಸಿದ, ತನ್ನ ಜನರ ಬದುಕು, ಕುಣಿತ, ಚೆಂಡಾಟಗಳ ವಿವರವನ್ನು ಸ್ಪ್ಯಾನಿಷ್‌ನಲ್ಲಿ ದಾಖಲಿಸಿದ. ಅದರಲ್ಲಿ ಪಾದ್ರಿಯ ಬಗ್ಗೆ ಗೌರವವಿದೆ. ರೋಗಕ್ಕೆ ಬಲಿಯಾದ ತನ್ನವರ ಬಗ್ಗೆ ದುಃಖವೂ ಇದೆ. ಒಂದನ್ನು ಹೇಳಲೆಂದು ಅವನು ಇನ್ನೊಂದನ್ನು ಮುಚ್ಚಿಡಲಿಲ್ಲ. 1841ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ರೋಮಿನಲ್ಲಿಯೇ ತೀರಿಕೊಂಡ. ತನ್ನ ಊರನ್ನು ಮತ್ತೆ ನೋಡಲಿಲ್ಲ.

ಕಿಟೆಲ್ ಮಹಾಶಯರು ಜರ್ಮನಿಯಿಂದ ನಮ್ಮಲ್ಲಿಗೆ ಬಂದು ಕನ್ನಡ ನಿಘಂಟನ್ನು ರಚಿಸಿ 1894ರಲ್ಲಿ ಪ್ರಕಟಿಸಿದರು. ಇಲ್ಲಿ ಒಬ್ಬ ಹುಡುಗ ಪರದೇಶಕ್ಕೆ ಹೋಗಿ ತನ್ನ ನುಡಿಯನ್ನು ತಾನೇ ಬರೆದಿಟ್ಟ. ಪಕ್ಕದಲ್ಲಿ ಮೊಸರನ್ನ ತಿನ್ನುತ್ತಿದ್ದ ಮಗನನ್ನು ನೋಡಿದೆ. ಅವನಿಗೂ ಅದೇ ವಯಸ್ಸು. ಕನ್ನಡ ಅರ್ಥವಾಗುತ್ತದೆ, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅವನು ನಮ್ಮ ಬಗ್ಗೆ ಮುಂದೊಂದು ದಿನ ಬರೆದರೆ ಏನನ್ನು ಬರೆದಾನು? ನಾನು ಹೇಳಿಕೊಟ್ಟಿದ್ದನ್ನು ತಾನೆ?

ಓಷನ್‌ಸೈಡಿನಿಂದ ದಕ್ಷಿಣಕ್ಕೆ ಹಳೆಯ 101 ಮತ್ತೆ ಸಮುದ್ರದ ಮಗ್ಗುಲಿಗೆ ಬರುತ್ತದೆ. ಕಾರ್ಲ್ಸ್‌ಬ್ಯಾಡ್, ಎನ್ಸಿನೀಟಸ್, ಡೆಲ್ ಮಾರ್. ಎನ್ಸಿನೀಟಸ್‌ನಲ್ಲಿ ಚಿನ್ನದ ಬಣ್ಣದ ಕಮಲದ ಗೋಪುರ ಕಾಣುವುದು ಪರಮಹಂಸ ಯೋಗಾನಂದರ ಆಶ್ರಮ. 1935ರ ಭಾರತಯಾತ್ರೆಯಲ್ಲಿ ಮೈಸೂರನ್ನೂ ಸಂದರ್ಶಿಸಿದ್ದ ಅವರು ತಮ್ಮ ಆತ್ಮಕಥೆಯ ಬಹುಭಾಗವನ್ನು ಇಲ್ಲಿ ಬರೆದರು. ಕೆಳಗಿನ ಕಡಲತೀರಕ್ಕೆ ಅಲೆಸವಾರರು ಇಟ್ಟ ಹೆಸರು 'ಸ್ವಾಮೀಸ್'. ಮುಂದೆ ಟೋರಿ ಪೈನ್ಸ್ ಏರು. ಅಲ್ಲಿಯ ಅಪರೂಪದ ಪೈನ್ ಮರಗಳು ಉಳಿದದ್ದು ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಎಂಬ ಮಹಾದಾನಿ ಮಹಿಳೆ ಸುತ್ತಲಿನ ಭೂಮಿಯನ್ನು ಕೊಂಡು ರಕ್ಷಿಸಿದ್ದರಿಂದ.

ಮಗನ ವಿದ್ಯಾರ್ಥಿನಿಲಯ ಅಲ್ಲಿಯೇ ಹತ್ತಿರದಲ್ಲಿದ್ದರೂ, ದಾರಿಯನ್ನು ಪೂರ್ತಿ ಮುಗಿಸೋಣವೆಂದು ಸ್ಯಾನ್ ಡಿಯೇಗೊ ಮಿಷನ್ನಿನ ತನಕ ಹೋದೆವು. ಹುನಿಪೆರೊ ಸೆರ್ರಾ 1769ರ ಜುಲೈ 16ರಂದು ಕಡಲ ಬಳಿಯ ಗುಡ್ಡದ ಮೇಲೆ ಸ್ಥಾಪಿಸಿದ್ದನ್ನು 1774ರಲ್ಲಿ ಈ ಕಣಿವೆಗೆ ಸ್ಥಳಾಂತರಿಸಿದರು. ಮರುವರ್ಷವೇ ಕುಮೇಯಾಯ್ ಜನ ಮುತ್ತಿಗೆ ಹಾಕಿ ಸುಟ್ಟರು. ಪಾದ್ರಿ ಲೂಯಿಸ್ ಹಾಯ್ಮೆ ಹತನಾದ. ಮತ್ತೆ ಕಟ್ಟಿದ್ದು ಇಂದಿನ ನೆಲೆ. ಬಿಳಿಯ ಗೋಡೆಯಲ್ಲಿ ಐದು ಗಂಟೆಗಳು ಸಂಜೆಯ ಬಿಸಿಲಿನಲ್ಲಿ ಮೌನವಾಗಿ ತೂಗುತ್ತಿದ್ದವು.

ಅಲ್ಲಿಯ ಕಲ್ಲುಬೆಂಚಿನ ಮೇಲೆ ಕುಳಿತು, ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಕಥೆಯನ್ನು ಮಗನಿಗೆ ಹೇಳಿದೆ. ಅಜ್ಜಿಯ ಅರವಟ್ಟಿಗೆಯಲ್ಲಿ ಎಲ್ಲರಿಗೂ ಹಿತ್ತಾಳೆಯ ಲೋಟ ಕೊಡುತ್ತಿರಲಿಲ್ಲ. ಹೊಲಗೇರಿಯಿಂದ ಬಂದವರು ಚಪ್ಪರದ ಹೊರಗೆ ಬಿಸಿಲಿನಲ್ಲಿ ಬಗ್ಗಿ ಬೊಗಸೆಯೊಡ್ಡಬೇಕಾಗಿತ್ತು. ಅಜ್ಜಿ ಮೇಲಿನಿಂದ ನೀರನ್ನು ಸುರಿಯುತ್ತಿದ್ದರು. ಚಪ್ಪರಕ್ಕೆ ಗರಿ ಹೆಣೆದು ಕೊಟ್ಟವರೂ, ಮರಳು ಹೊತ್ತು ತಂದವರೂ ಅವರೇ. 1970ರ ದಶಕದ ಮಾತು. ಆರೇಳು ವರ್ಷದ ನಾನು ಎಷ್ಟೋ ದಿನ ಆ ಚೊಂಬನ್ನು ಹಿಡಿದು ಸುರಿದಿದ್ದೇನೆ. ಎತ್ತರದಿಂದ ಸುರಿಯಬೇಕು, ಹನಿ ಸಿಡಿದು ನಮಗೆ ತಾಗಬಾರದು ಎಂದು ಅಜ್ಜಿ ಕಲಿಸಿದ್ದರು. ಅಜ್ಜಿ ಕೆಟ್ಟವರಾಗಿರಲಿಲ್ಲ. ಬಾಯಾರಿದವರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ. ಎರಡೂ ನಿಜ.

ಮಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕನ್ನಡದಲ್ಲಿಯೇ ಕೇಳಿದ: "ಅವರ ಹೆಸರೇನಮ್ಮ? ಗರಿ ಹೆಣೀತಿದ್ದವರದು?"

ನನಗೆ ಗೊತ್ತಿರಲಿಲ್ಲ. ಗಡಿಗೆ ಎಷ್ಟಿದ್ದವೆಂಬುದು ನೆನಪಿದೆ, ಮಜ್ಜಿಗೆಯ ಪರಿಮಳ ನೆನಪಿದೆ, ಹೆಸರು ಮಾತ್ರ ನೆನಪಿಲ್ಲ. ಐವತ್ತು ವರ್ಷ ಆ ಕಥೆಯನ್ನು ಹೇಳಿಕೊಂಡು ಬಂದಿದ್ದರೂ ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಶ್ರೀಮತಿ ಫೋರ್ಬ್ಸ್‌ಗೂ ಹೊಳೆದಿರಲಿಕ್ಕಿಲ್ಲ. ಬೆಳಿಗ್ಗೆ ಮಗನ ಮೇಲೆ ಬಂದ ಅಸಮಾಧಾನದ ಕಾರಣ ಆಗ ನನಗೆ ತಿಳಿಯಿತು.

ಅವನನ್ನು ಬಿಟ್ಟು ಇಂಟರ್‌ಸ್ಟೇಟಿನಲ್ಲಿ ಮನೆಗೆ ಮರಳುವಾಗ ರಾತ್ರಿಯಾಗಿತ್ತು. ಹಾಸನದಲ್ಲಿ ಆಗ ಬೆಳಿಗ್ಗೆ. ಎಂಬತ್ತು ದಾಟಿದ ನನ್ನ ಸೋದರತ್ತೆಗೆ ದೂರವಾಣಿ ಮಾಡಿ ಕೇಳಿದೆ. "ಈಗ ಯಾಕೆ ಅದೆಲ್ಲ?" ಎಂದರು. ಸ್ವಲ್ಪ ತಡೆದು ಎರಡು ಹೆಸರುಗಳನ್ನು ಹೇಳಿದರು, ಮೂರನೆಯದು ನೆನಪಾಗಲಿಲ್ಲ. ಆ ಎರಡನ್ನು ಬರೆದು ಮಗನಿಗೆ ಕಳುಹಿಸಿದೆ.

ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳೇ, ಎರಡು ವರ್ಷಕ್ಕೊಮ್ಮೆ ನಾವು ಸೇರುವುದು ನೆನಪುಗಳನ್ನು ಮಕ್ಕಳ ಕೈಗೆ ದಾಟಿಸಲಿಕ್ಕಾಗಿಯೂ ಹೌದು. ಸಮಯ ದೊರೆತಾಗ ಹಳೆಯ 101ರಲ್ಲಿ ಒಂದು ದಿನ ಮಕ್ಕಳೊಡನೆ ಪ್ರಯಾಣ ಮಾಡಿರಿ. ಗಂಟೆಗಳನ್ನು ತೋರಿಸಿರಿ, ಅವು ಯಾರಿಗಾಗಿ ಬಾರಿಸಿದವೆಂಬುದನ್ನೂ ಹೇಳಿರಿ. ನಿಮ್ಮ ಊರಿನ ಅರವಟ್ಟಿಗೆಯ ಕಥೆಯನ್ನು ಹೇಳುವಾಗ ಚಪ್ಪರದ ಹೊರಗೆ ನಿಂತವರನ್ನು ಬಿಡಬೇಡಿರಿ. ಅವರ ಹೆಸರು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರನ್ನು ಈಗಲೇ ಕೇಳಬೇಕು.