ರಾಮನಗರದ ಮಣಿಸರ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಮಾತಿನ ನಡುವೆ ತನ್ನ ಮೊಬೈಲನ್ನು ತೋರಿಸಿ, "ಟೀಚರ್, ಗರ್ಭ ನಿಲ್ಲುವ ದಿನ ಯಾವುದು, ನಿಲ್ಲದ ದಿನ ಯಾವುದು ಎಂದು ಇದೇ ಹೇಳಿಬಿಡುತ್ತದೆ. ಮಾತ್ರೆ, ವಂಕಿ ಯಾವುದೂ ಬೇಕಿಲ್ಲ. ನಿಮ್ಮ ಕಾಲದವರಿಗೆ ಇಂಥದ್ದೆಲ್ಲ ಗೊತ್ತಿತ್ತೇ?" ಎಂದು ಕೇಳಿದಳು.

ತರಗತಿಯಲ್ಲಿ ಈ ವಿಷಯವನ್ನು ನಾನೆಂದೂ ಎತ್ತಿದವಳಲ್ಲ. ಜೀವಶಾಸ್ತ್ರದ ಮೇಷ್ಟರು ಕೂಡ ಆ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚುತ್ತಿದ್ದ ಕಾಲವದು. ಆದರೆ ಅವಳು ಕೇಳಿದ್ದು ಚರಿತ್ರೆಯ ಪ್ರಶ್ನೆ. ಚರಿತ್ರೆಯ ಅಧ್ಯಾಪಕಿಯಾಗಿದ್ದವಳು ಅದಕ್ಕೆ ಉತ್ತರಿಸದೆ ಇರುವುದು ಸರಿಯಲ್ಲವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ದಿನವೆಣಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಮುಟ್ಟಾದ ದಿನದಿಂದ ಹದಿನಾರು ರಾತ್ರಿಗಳನ್ನು ಋತುಕಾಲವೆಂದು ಮನುಸ್ಮೃತಿ ಗಣಿಸಿ, ಅದರಲ್ಲಿ ಮೊದಲಿನ ನಾಲ್ಕನ್ನು ವರ್ಜ್ಯವೆಂದಿದೆ. ಆ ಲೆಕ್ಕವಾದರೋ ಸಂತಾನ ಬೇಕೆನ್ನುವವರಿಗಾಗಿ ಹಾಕಿದ್ದು. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವೈದ್ಯರಲ್ಲಿ ಅನೇಕರು ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಗರ್ಭ ನಿಲ್ಲುವುದೆಂದೂ ನಡುವಿನ ದಿನಗಳು ನಿರ್ಭಯವೆಂದೂ ನಂಬಿದ್ದರು. ಸತ್ಯವು ಇದಕ್ಕೆ ತೀರ ವಿರುದ್ಧವಾಗಿತ್ತು. ವೈದ್ಯರ ಮಾತನ್ನು ನಂಬಿ ನಡುವಿನ ದಿನಗಳನ್ನು ಆರಿಸಿಕೊಂಡ ಹೆಂಗಸರ ಪಾಡನ್ನು ನೀವೇ ಊಹಿಸಿಕೊಳ್ಳಬಹುದು.

1920ರ ದಶಕದಲ್ಲಿ ಜಪಾನಿನ ವೈದ್ಯ ಕ್ಯುಸಾಕು ಓಗಿನೋ ಮತ್ತು ಆಸ್ಟ್ರಿಯದ ಹರ್ಮನ್ ಕ್ನೌಸ್ ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು. ಅಂಡಾಣು ಹೊರಬರುವ ದಿನವನ್ನು ಹಿಂದಿನ ಮುಟ್ಟಿನಿಂದ ಎಣಿಸಲಾಗದು. ಅದು ಮುಂದೆ ಬರಲಿರುವ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಸಂಭವಿಸುತ್ತದೆ. ಎಲ್ಲ ಕಷ್ಟವೂ ಇಲ್ಲಿಯೇ ಇದೆ. ಮುಂದಿನ ಮುಟ್ಟು ಎಂದು ಬರುವುದೋ ತಿಳಿದವರಾರು? ಆದುದರಿಂದ ಹಿಂದಿನ ಹಲವು ತಿಂಗಳ ದಾಖಲೆಯನ್ನಿಟ್ಟುಕೊಂಡು, ಅತಿ ಕಿರಿದಾದ ಚಕ್ರದಿಂದ 18ನ್ನೂ ಅತಿ ದೀರ್ಘವಾದುದರಿಂದ 11ನ್ನೂ ಕಳೆಯುವ ಸೂತ್ರ ಬಳಕೆಗೆ ಬಂತು. ಚಕ್ರವು 26ರಿಂದ 32 ದಿನಗಳ ನಡುವೆ ಇರುವವಳಿಗೆ 8ನೆಯ ದಿನದಿಂದ 21ನೆಯ ದಿನದವರೆಗೆ ಅಪಾಯಕಾಲ. 24ರಿಂದ 35ರವರೆಗೆ ಏರಿಳಿಯುವವಳಿಗೆ 6ರಿಂದ 24ರವರೆಗೆ, ಅಂದರೆ ಹತ್ತೊಂಬತ್ತು ದಿನ. ಓಗಿನೋ ತಾನೇ ತನ್ನ ಲೆಕ್ಕವನ್ನು ಗರ್ಭನಿರೋಧಕ್ಕೆ ನೆಚ್ಚಬಹುದೆಂದು ಸಾರಿದವನಲ್ಲ.

ಈಗ ನಮ್ಮ ನಾಡಿಗೆ ಬರೋಣ. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಲೋಕದಲ್ಲಿ ಈ ಕೆಲಸಕ್ಕೆ ಮೊದಮೊದಲು ಕೈಹಾಕಿದ ಸರ್ಕಾರಗಳಲ್ಲಿ ಅದೂ ಒಂದೆಂಬುದು ನಮಗೆ ಹೆಮ್ಮೆಯ ಸಂಗತಿ. 1935ರ ಡಿಸೆಂಬರಿನಲ್ಲಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ವಾದಿಸಿದಾಗ, ಅವರು ಕೃತಕ ಸಾಧನಗಳನ್ನು ಒಪ್ಪಲಿಲ್ಲ. ಸುರಕ್ಷಿತ ದಿನಗಳ ಕ್ರಮದಲ್ಲಿ ಮಾತ್ರ ಸಂಯಮದ ಅಂಶ ಇದೆಯೆಂದು ಕಂಡರು. ಅವರ ಶಿಷ್ಯೆ ರಾಜಕುಮಾರಿ ಅಮೃತ್ ಕೌರ್ ಸ್ವತಂತ್ರ ಭಾರತದ ಆರೋಗ್ಯ ಸಚಿವೆಯಾದಾಗ ಅದೇ ನಿಲುವು ಸರ್ಕಾರದ ನಿಲುವಾಯಿತು. ಆಕೆಯ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯು 1951ರಲ್ಲಿ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನರನ್ನು ಕಳುಹಿಸಿತು. ಕಲಿಸಬೇಕಾದದ್ದು ದಿನವೆಣಿಸುವ ಕ್ರಮವೊಂದನ್ನೇ. ಪ್ರಯೋಗಕ್ಕೆ ಆರಿಸಿದ ಸ್ಥಳಗಳು ಎರಡು: ದೆಹಲಿಯ ಲೋಧಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ.

ಇಂದು ರೇಷ್ಮೆಗೂಡಿನ ಮಾರುಕಟ್ಟೆಗೂ ಷೋಲೆ ಚಿತ್ರದ ಬಂಡೆಗಳಿಗೂ ಹೆಸರಾದ ಆ ಊರಿನಲ್ಲಿ 1952ರಿಂದ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಬರಹ ಬಾರದ ಹೆಂಗಸರಿಗಾಗಿ ಸ್ಟೋನ್ ಒಂದು ಮಣಿಸರವನ್ನು ಯೋಚಿಸಿದ್ದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಹಸಿರು ಮಣಿ ಬಂದರೆ ನಿರ್ಭಯ, ಕೆಂಪು ಬಂದರೆ ದೂರವಿರಬೇಕು. ಕತ್ತಲಲ್ಲಿ ಬಣ್ಣ ತಿಳಿಯದೆಂದು ಆಮೇಲೆ ಮಣಿಗಳ ಆಕಾರವನ್ನೇ ಬೇರೆಬೇರೆ ಮಾಡಿದರು. ಮಣಿಯನ್ನು ಹಿಂದುಮುಂದಾಗಿ ಸರಿಸುತ್ತಾರೆಂದು ತಡೆಯೊಂದನ್ನು ಸೇರಿಸಿದರು. ಸರವನ್ನು ತಾಯಿತದಂತೆ ನಂಬಿ, ಮಣಿ ಸರಿಸಿದರೆ ಸಾಕೆಂದು ತಿಳಿದವರೂ ಇದ್ದರು. ಕಲಿಯಲು ಆಸಕ್ತಿ ತೋರಿದವರು ಬಹಳ ಮಂದಿ. ಕಡೆಯವರೆಗೆ ಅನುಸರಿಸಿದವರು ತೀರ ಸ್ವಲ್ಪ. ಒಂದೆರಡು ವರ್ಷಗಳಲ್ಲಿ ಪ್ರಯೋಗ ಮುಗಿಯಿತು, ಸರ ಮರೆಯಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹಳ್ಳಿಯ ಹೆಂಗಸರ ಅಜ್ಞಾನವನ್ನು ನೆನೆದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನನ್ನ ದೊಡ್ಡಮ್ಮನ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಎರಡು ಸಾಲು ಗೆರೆಗಳಿದ್ದವು. ಒಂದು ಹಾಲಿನ ಲೆಕ್ಕ. ಇನ್ನೊಂದು ಯಾವುದೆಂದು ಕೇಳಿದರೆ "ಅದೂ ಹಾಲಿಂದೇ" ಎನ್ನುತ್ತಿದ್ದಳು. ಆರನೆಯ ಬಸಿರಾದಾಗ ನೆಂಟರೊಬ್ಬರು "ಲೆಕ್ಕ ತಪ್ಪಿತೇನು?" ಎಂದು ಹಾಸ್ಯ ಮಾಡಿದ್ದೂ, ಅವಳು ತಲೆ ಎತ್ತದೆ "ನನ್ನ ಲೆಕ್ಕ ಸರಿಯಾಗೇ ಇತ್ತು" ಎಂದದ್ದೂ ನೆನಪಿದೆ. ಅದರ ಅರ್ಥ ನನಗೆ ತಿಳಿದದ್ದು ನನ್ನ ಮದುವೆಯಾದ ಮೇಲೆ. ಎಣಿಸುವುದು ಅವಳ ಕೈಯಲ್ಲಿತ್ತು. ಆ ದಿನ ಬೇಡವೆನ್ನುವುದು ಅವಳ ಕೈಯಲ್ಲಿರಲಿಲ್ಲ. ಆ ಹೆರಿಗೆಯ ನಂತರ ದೊಡ್ಡಮ್ಮ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಇದಲ್ಲದೆ ದೇಹದ ಕಾರಣಗಳೂ ಇದ್ದವು. ಅಂದಿನ ಹೆಂಗಸರು ಬಸುರು, ಬಾಣಂತನ, ಮೊಲೆಯೂಡಿಕೆಗಳಲ್ಲಿಯೇ ವರ್ಷಗಳನ್ನು ಕಳೆಯುತ್ತಿದ್ದರು. ಹೆರಿಗೆಯ ನಂತರ ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಹೊರಬರಬಹುದು. ಎಣಿಕೆಯನ್ನು ಎಲ್ಲಿಂದ ತೊಡಗುವುದು? ಪುರುಷನ ಜೀವಾಣು ಐದು ದಿನದವರೆಗೂ ಬದುಕಿರಬಲ್ಲದು. ಅಮೆರಿಕದ 200ಕ್ಕೂ ಹೆಚ್ಚು ಸ್ತ್ರೀಯರನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಗರ್ಭ ನಿಲ್ಲುವ ದಿನಗಳು ಪೂರ್ತಿಯಾಗಿ 10ರಿಂದ 17ನೆಯ ದಿನದೊಳಗೆ ಬೀಳುವುದು ಸುಮಾರು ಶೇಕಡಾ 30 ಮಂದಿಯಲ್ಲಿ ಮಾತ್ರ ಎಂದು ತೋರಿಸಿತು. ಅವರಲ್ಲಿ ಬಹುಮಂದಿ ತಮ್ಮ ಚಕ್ರ ಕ್ರಮಬದ್ಧವೆಂದು ನಂಬಿದ್ದವರೇ.

ಮಣಿಸರವು ಮುಂದೆ ಬೇರೆ ರೂಪದಲ್ಲಿ ಮರಳಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಸರವನ್ನು ರೂಪಿಸಿ, 8ರಿಂದ 19ನೆಯ ದಿನದವರೆಗೆ ದೂರವಿರಬೇಕೆಂದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿಯಮ ತಪ್ಪದೆ ನಡೆದರೆ ವರ್ಷದಲ್ಲಿ 100ಕ್ಕೆ ಸುಮಾರು 5 ಮಂದಿ, ಸಾಮಾನ್ಯ ಬಳಕೆಯಲ್ಲಿ 12 ಮಂದಿ ಗರ್ಭಿಣಿಯರಾದರು. ಇದು ಕೂಡ ಚಕ್ರವು 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ. ಪ್ರತಿದಿನ ದೇಹದ ಉಷ್ಣತೆಯನ್ನೂ ಸ್ರಾವವನ್ನೂ ಗಮನಿಸಿ, ತರಬೇತಿ ಪಡೆದು ನಡೆದ 900 ಜರ್ಮನ್ ಸ್ತ್ರೀಯರಲ್ಲಿ ಈ ಸಂಖ್ಯೆ 1.8ಕ್ಕೆ ಇಳಿದುದನ್ನು 2007ರ ವರದಿ ಹೇಳುತ್ತದೆ. ಆದುದರಿಂದ ಪದ್ಧತಿಯೇ ಸುಳ್ಳೆನ್ನಲಾಗದು. ಆದರೆ ಎಲ್ಲ ಬಗೆಯ ಎಣಿಕೆಗಳನ್ನೂ ಸೇರಿಸಿದರೆ ಸಾಮಾನ್ಯ ಬಳಕೆಯ ವೈಫಲ್ಯ 100ಕ್ಕೆ 2ರಿಂದ 23. ವಂಕಿಯದು 1ಕ್ಕಿಂತ ಕಡಿಮೆ. 2018ರಲ್ಲಿ ಸ್ವೀಡನ್ನಿನ ಆಸ್ಪತ್ರೆಯೊಂದು, ಗರ್ಭಪಾತಕ್ಕೆ ಬಂದವರಲ್ಲಿ 37 ಮಂದಿ ಒಂದೇ ಮೊಬೈಲ್ ತಂತ್ರಾಂಶವನ್ನು ನೆಚ್ಚಿದ್ದವರೆಂದು ವರದಿ ಮಾಡಿತು. ವಿಚಾರಣೆಯಾದಾಗ, ಆ ವೈಫಲ್ಯವು ತಯಾರಕರು ಮೊದಲೇ ಹೇಳಿಕೊಂಡಿದ್ದ ಪ್ರಮಾಣದೊಳಗೇ ಇದೆಯೆಂದು ತಿಳಿದುಬಂತು.

ನನ್ನ ವಿದ್ಯಾರ್ಥಿನಿಗೆ ನಾನು ಇಷ್ಟನ್ನು ಹೇಳಿದೆ. ನಿನ್ನ ಮೊಬೈಲು ಬರಿಯ ತಾರೀಖುಗಳನ್ನು ನೋಡಿ ಊಹಿಸುತ್ತಿದ್ದರೆ ಅದು ರಾಮನಗರದ ಸರಕ್ಕಿಂತ ಬಹಳ ಮುಂದೆ ಹೋಗಿಲ್ಲ. ಈಗ ಮಗು ಆದರೂ ಸಂತೋಷವೇ ಎನ್ನುವುದಾದರೆ ಎಣಿಸಿಕೊಂಡು ಇರು. ಆಗಲೇಬಾರದು ಎನ್ನುವುದಾದರೆ ವೈದ್ಯರನ್ನು ಕಂಡು ಬೇರೆ ದಾರಿ ಕೇಳು. ಎರಡರಲ್ಲಿ ಯಾವುದೇ ಆಗಲಿ, ಕೆಂಪು ಮಣಿಯ ದಿನ ನಿನ್ನ ಗಂಡ ನಿನ್ನ ಮಾತು ಕೇಳುವನೇ ಎಂಬುದನ್ನು ಮೊದಲು ತಿಳಿದುಕೋ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರನ್ನೂ ಕರೆದುಕೊಂಡು ಬರುತ್ತೇನೆ, ಇದನ್ನೆಲ್ಲ ಅವರಿಗೂ ಹೇಳಿ ಟೀಚರ್" ಎಂದಳು. ಬರಲೆಂದು ಕಾಯುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರ ಗೋಡೆಗಳ ಮೇಲೂ ಅಂಥ ಗೆರೆಗಳಿದ್ದ ನೆನಪಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ.